ನಲವತ್ತೆರಡು ಜನರ ತೊಲೆ

ತೊಲೆ ಬಿದ್ದ ದಿನ ನಾನು ಮೂರು ಸಲ ಕೇಳಿದ್ದೆ. ಮೊದಲು ಹಗ್ಗ ಬಿಗಿಯುವಾಗ, ಆಮೇಲೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದು ನಿಂತಾಗ, ಕೊನೆಗೆ ಕೈಗಳು ಮರಕ್ಕೆ ತಗಲಿದ ಮೇಲೆ. "ಯಾರ ಹತ್ರಾನಾದ್ರೂ ಏನಾದ್ರೂ ಉಳ್ಕೊಂಡಿದೆಯಾ?" ನಲವತ್ತೆರಡು ಜನ ಮೂರು ಸಲವೂ "ಇಲ್ಲ ಅಕ್ಕ" ಅಂದರು. ನಾನು ಕೈ ಎತ್ತಿ ಸನ್ನೆ ಮಾಡಿದೆ. ತೊಲೆ ಮೊಣಕಾಲಿನ ಮಟ್ಟ ದಾಟಿತು, ಸೊಂಟ ದಾಟಿತು, ಹೆಗಲಿಗೆ ಬಂತು. ಅಲ್ಲಿಂದ ಹಳ್ಳದ ಅಂಚಿಗೆ ಹನ್ನೆರಡೇ ಹೆಜ್ಜೆ. ಆರನೆಯ ಹೆಜ್ಜೆ ಇಡುವಾಗ ನಲವತ್ತೆರಡು ಜನರ ಮಂಡಿಗಳೂ ಒಟ್ಟಿಗೆ ಬಾಗಿದವು. ಮೇಲೆ ಯಾರೋ ಬಂದು ಕುಳಿತ ಹಾಗೆ. ಮಧ್ಯದ ಸಾಲಿನವರು ಕೂಗುವುದರೊಳಗೆ ತೊಲೆ ನೆಲಕ್ಕೆ ಬಂದಿತ್ತು, ಅದರ ಅಡಿಯಲ್ಲಿ ದೇವೀರಮ್ಮನ ಎಡಗಾಲು ಸಿಕ್ಕಿತ್ತು.

ನಮ್ಮೂರಲ್ಲಿ ಒಬ್ಬರಿಗೆ ಹೇಳಬೇಕಾದ ಮಾತನ್ನು ಅವರಿಗೆ ಹೇಳದೆ ಇಟ್ಟುಕೊಂಡರೆ, ಇಟ್ಟುಕೊಂಡವರ ಕೈಯಲ್ಲಿರುವ ವಸ್ತು ಭಾರವಾಗುತ್ತದೆ. ಬೇರೆ ಯಾರಿಗೋ ಹೇಳಿಕೊಂಡರೆ ಕಡಿಮೆಯಾಗುವುದಿಲ್ಲ. ಹೇಳಲೇಬೇಕಾದ ಹೊತ್ತು ಹತ್ತಿರವಾದಷ್ಟೂ ಭಾರ ಏರುತ್ತದೆ. ಇದಕ್ಕೆ ನಾವೆಲ್ಲ ಹುಟ್ಟಿದಾಗಿನಿಂದ ಹೊಂದಿಕೊಂಡವರು. ತರಕಾರಿ ಮಾರುವವಳು ಗಂಡನ ಜೊತೆ ಮಾತು ಬಿಟ್ಟಿದ್ದರೆ ಅವತ್ತು ಗಿರಾಕಿಗಳೇ ತಕ್ಕಡಿ ಹಿಡಿದು ತೂಗಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವುದಿಲ್ಲ, ಕಾಫಿ ತಟ್ಟೆ ನೋಡುತ್ತಾರೆ. ತಟ್ಟೆ ಇಳಿಯುತ್ತಾ ಬಂದರೆ ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಹೋಗುತ್ತಾರೆ. ಸೊಸೆ ಬಾವಿಯಿಂದ ಬರುವಾಗ ದಾರಿಯಲ್ಲಿ ಮೂರು ಸಲ ಕೊಡ ಇಳಿಸಿದಳು ಅಂತ ಸುದ್ದಿ ಬಂದರೆ ಅತ್ತೆಯಾದವಳು ಬಾಗಿಲಲ್ಲೇ ನಿಂತು, ಅದೇನಿದೆಯೋ ಹೇಳಿ ಒಳಗೆ ಬಾ ಅನ್ನುತ್ತಾಳೆ. ನನ್ನ ತಾಯಿ ನನಗೆ ಮದುವೆಗೆ ಮುಂಚೆ ಕಲಿಸಿದ್ದು ಒಂದೇ ಬುದ್ಧಿ: ಹೇಳಲಾಗದ್ದನ್ನು ಯೋಚಿಸುವಾಗ ಕೈಯಲ್ಲಿ ಏನೂ ಇಟ್ಟುಕೊಳ್ಳಬೇಡ. ಹಾಗಾಗಿ ನಮ್ಮ ಹೆಂಗಸರು ಮಧ್ಯಾಹ್ನ ಖಾಲಿ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದರೆ ಯಾರೂ ಮಾತಾಡಿಸುವುದಿಲ್ಲ.

ಒಮ್ಮೆ ಹೊರಗಿನಿಂದ ಒಂದು ಕ್ರೇನು ತರಿಸಿದ್ದರು. ಅದನ್ನು ನಡೆಸುವವನು ಹೆಂಡತಿಗೆ ಏನನ್ನೋ ಮುಚ್ಚಿಟ್ಟು ಬಂದಿದ್ದನಂತೆ. ಕ್ರೇನು ಮುಂಗಾಲಿನ ಮೇಲೆ ಕುಸಿದು ಕುಳಿತಿತು. ಅಂದಿನಿಂದ ದೊಡ್ಡದನ್ನೇನಾದರೂ ಎತ್ತಬೇಕಾದರೆ ಊರಿನವರೇ ಸೇರಿ ಎತ್ತುತ್ತಾರೆ, ಅದಕ್ಕೊಬ್ಬ ಮೇಸ್ತ್ರಿ ಇರುತ್ತಾರೆ. ಯಾವ ದಿನ ಏನಾಗಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾರ ಬೆನ್ನು ನೋಯುತ್ತಿದೆ, ಯಾರಿಗೆ ಯಾರು ಆಗಿಬರುವುದಿಲ್ಲ, ಎಲ್ಲವೂ ಮೇಸ್ತ್ರಿಯ ತಲೆಯಲ್ಲಿರಬೇಕು.

ನನಗಿಂತ ಮುಂಚೆ ಮೂವತ್ತು ವರ್ಷ ಲಿಂಗಾಜಮ್ಮ ಮೇಸ್ತ್ರಿಯಾಗಿದ್ದರು. ಬಾಯಿ ಬಹಳ ಕೆಟ್ಟದ್ದು. ಹಗ್ಗ ತಡವಾಗಿ ಬಂದರೆ ತಂದವನ ಅಜ್ಜನ ತನಕ ಬೈಯುತ್ತಿದ್ದರು. ಅವನೂ ತಿರುಗಿ ಬೈದು ಹಗ್ಗ ಎಸೆದು ಹೋಗುತ್ತಿದ್ದ. ಅವರಿಗೆ ಕಣ್ಣು ಮಂಜಾದ ಮೇಲೆ ಚಾವಡಿಯಲ್ಲಿ ಸಭೆ ಕೂಡಿತು. ಮೇಸ್ತ್ರಿಯಾಗುವವರಲ್ಲಿ ಏನಿರಬೇಕು ಅಂತ ಒಬ್ಬೊಬ್ಬರೂ ಹೇಳಿದರು. ಕೆಲಸ ಮುಗಿಯಬೇಕಾದ ದಿನದಿಂದ ಹಿಂದಕ್ಕೆ ಎಣಿಸಲು ಬರಬೇಕು ಅಂದರು. ತನ್ನವರು ಬೇರೆಯವರು ಅನ್ನಬಾರದು ಅಂದರು. ಮರೆವು ಇರಬಾರದು ಅಂದರು. ಸಿಟ್ಟು ಮಾತ್ರ ಬರಲೇಬಾರದು, ಬೈಸಿಕೊಂಡು ಸಾಕಾಗಿದೆ ಅಂತ ಹಿಂದಿನಿಂದ ಯಾರೋ ಅಂದಾಗ ಎಲ್ಲರೂ ನಕ್ಕು ನನ್ನ ಕಡೆ ತಿರುಗಿದರು. ನಾನು ಆಗ ಮದುವೆ ಮನೆಗಳಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಸಾವಿರ ಎಲೆ ಬೀಳುವ ಮದುವೆಯಲ್ಲೂ ದನಿ ಏರಿಸಿದವಳಲ್ಲ. ವೇಣಕ್ಕನಷ್ಟು ತಾಳ್ಮೆ ಯಾರಿಗಿದೆ ಅಂದರು. ಮನೆಗೆ ಬಂದು ನಾನು ಕನ್ನಡಿಯಲ್ಲಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿಕೊಂಡೆ. ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಸಲ ಆ ಮುಖ ನನಗೆ ಇಷ್ಟವಾಯಿತು.

ಮೂರು ವರ್ಷದಲ್ಲಿ ಶಾಲೆಯ ಸೂರು, ಗಿರಣಿಯ ಕಲ್ಲು, ಎರಡು ಬಾವಿಗಳ ಕಟ್ಟೆ ಎತ್ತಿಸಿದೆ. ಆಮೇಲೆ ಬಂದದ್ದು ಸೇತುವೆ. ಹಳ್ಳ ಅನ್ನುವುದು ಹೆಸರಿಗೆ. ಅದೊಂದು ಆಳವಾದ ಕಂದಕ. ಆಚೆ ದಂಡೆಯಲ್ಲಿ ಹನ್ನೊಂದು ಮನೆಗಳಿವೆ. ಹಿಂದಿನ ಮಳೆಗಾಲ ಹಳೆಯ ಸೇತುವೆಯನ್ನು ಕೊಂಡೊಯ್ದ ಮೇಲೆ ಅವರು ಬಂಡೆ ಹಿಡಿದು ಇಳಿದು ಹತ್ತಿ ಬರುತ್ತಿದ್ದರು. ಮಳೆ ಶುರುವಾದರೆ ಅದೂ ಇಲ್ಲ. ದೇವೀರಮ್ಮನ ಮಗಳು ಸುಗಂಧಿಯನ್ನು ಆ ದಂಡೆಗೇ ಕೊಟ್ಟಿದ್ದು. ಅವಳಿಗೆ ಆಷಾಢದಲ್ಲಿ ದಿನ ತುಂಬುತ್ತಿತ್ತು. ಬಸುರಿ ಬಂಡೆ ಇಳಿಯುವಂತಿಲ್ಲ, ಸೂಲಗಿತ್ತಿ ಇರುವುದು ಈಚೆ. ದೇವೀರಮ್ಮ ನನ್ನ ಪಕ್ಕದ ಮನೆಯವಳು, ಇಪ್ಪತ್ತೈದು ವರ್ಷದ ಗೆಳತಿ. ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ನಿಂತು, ಮಳೆಗೆ ಮುಂಚೆ ಆಗತ್ತಾ ಅಂತ ಕೇಳುತ್ತಿದ್ದಳು. ಆಗತ್ತೆ ಅನ್ನುತ್ತಿದ್ದೆ.

ಕಂದಕದ ಅಗಲಕ್ಕೆ ಸಾಲುವ ಮರ ಎಲ್ಲೂ ಸಿಗಲಿಲ್ಲ. ನಮ್ಮ ಹಿತ್ತಲಿನಲ್ಲಿ ಒಂದು ಹೊನ್ನೆ ಮರವಿತ್ತು. ನನ್ನ ಗಂಡ ಬದುಕಿದ್ದಷ್ಟು ಕಾಲ ಸಂಜೆ ಅದಕ್ಕೆ ಒರಗಿಯೇ ಕುಳಿತಿದ್ದವರು. ಅವರು ಹೋಗಿ ಐದು ವರ್ಷ. ಚಾವಡಿಯಲ್ಲಿ ಎದ್ದು, ನಮ್ಮ ಮರ ಕೊಡ್ತೀನಿ ಅಂದೆ. ಅನ್ನುತ್ತಾ ಅನ್ನುತ್ತಾ ಕಣ್ಣಲ್ಲಿ ನೀರು ಬಂತು. ಬಡಗಿ ಚೌಡಪ್ಪ ತಲೆ ತಗ್ಗಿಸಿ ಹೆಗಲ ಮೇಲಿನ ಅಡಿಕೋಲನ್ನು ನೆಲಕ್ಕಿಟ್ಟ. ಮರ ಕಡಿಯುವ ದಿನ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ತೊಲೆಯೇ ಬಿದ್ದದ್ದು. ದೇವೀರಮ್ಮನ ಕಾಲನ್ನು ಬಿಡಿಸಿ, ಬಿದಿರಿನ ದಬ್ಬೆ ಕಟ್ಟಿ, ಮಂಚದ ಮೇಲೆ ಹೊತ್ತು ಕಳಿಸಿದ ಮೇಲೆ ಉಳಿದವರೆಲ್ಲ ತಮ್ಮ ಅಂಗೈ ನೋಡಿಕೊಳ್ಳುತ್ತಾ ನಿಂತಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ.

"ಇದು ಮರದ ಭಾರ ಅಲ್ಲ ವೇಣಕ್ಕ," ಅಂದ ಚೌಡಪ್ಪ.

ಅದು ನನಗೂ ಗೊತ್ತಿತ್ತು. ಯಾರೋ ಒಬ್ಬರು ಏನನ್ನೋ ಇಟ್ಟುಕೊಂಡಿದ್ದಾರೆ, ಹುಡುಕಿದರೆ ಸಿಗುತ್ತಾರೆ ಅಂದುಕೊಂಡೆ. ಮಾರನೆಯ ದಿನದಿಂದ ಮನೆ ಮನೆಗೆ ಹೋದೆ. ಮಳೆಗೆ ಮೂರು ವಾರವಿತ್ತು.

ಎಲ್ಲರೂ ಒಳಗೆ ಕರೆದು ಕೂರಿಸಿದರು. ನಿಮ್ಮದೇನೂ ತಪ್ಪಿಲ್ಲ ಅಕ್ಕ ಅಂದರು. ಗ್ರಹಚಾರ ಅಂದರು. ಮೊದಲನೆಯ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ನನ್ನನ್ನು ಕಂಡ ಕೂಡಲೇ ಜರಡಿ ಕೆಳಗಿಟ್ಟು ಎದ್ದಳು. ಎರಡನೆಯ ಮನೆಯಲ್ಲಿ ಮಗುವನ್ನು ಎತ್ತಿಕೊಂಡಿದ್ದವನು ಅದನ್ನು ಚಾಪೆಯ ಮೇಲೆ ಮಲಗಿಸಿದ. ಮೂರನೆಯ ಮನೆಯ ಮುದುಕ ಹೆಗಲ ಮೇಲಿನ ಟವಲನ್ನೂ ತೆಗೆದು ಗೂಟಕ್ಕೆ ಹಾಕಿದ. ನನಗೆ ಇದೇನೂ ಹೊಸದಲ್ಲ, ಮೇಸ್ತ್ರಿ ಬಂದಳೆಂದು ಮರ್ಯಾದೆ ಕೊಡುತ್ತಾರೆ ಅಂತಲೇ ನಾನು ತಿಳಿದಿದ್ದು. ಏಳನೆಯದು ಭಾಮಾಳ ಮನೆ. ತೊಲೆಯ ಹಿಂದಿನ ಸಾಲಿನಲ್ಲಿ ನಿಲ್ಲುವ ಹುಡುಗಿ, ಮದುವೆಯಾಗಿ ಎರಡು ವರ್ಷ. ಕಾಫಿ ಮಾಡಿ ತಂದಳು. ಲೋಟವನ್ನು ನನ್ನ ಕೈಗೆ ಕೊಡಲಿಲ್ಲ. ನಮ್ಮಿಬ್ಬರ ನಡುವೆ ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡು, ತಗೊಳ್ಳಿ ಅಕ್ಕ ಅಂದಳು.

ನಾನು ಆ ಲೋಟವನ್ನು ನೋಡುತ್ತಾ ಕುಳಿತೆ. ಮೂರು ವರ್ಷದಲ್ಲಿ ಈ ಊರಿನ ಯಾವ ಮನೆಯಲ್ಲಾದರೂ ಯಾರಾದರೂ ನನ್ನ ಕೈಗೆ ಕಾಫಿ ಕೊಟ್ಟಿದ್ದಾರಾ ಅಂತ ನೆನಪು ಮಾಡಿಕೊಂಡೆ. ಮಣೆಯ ಮೇಲೆ ಇಟ್ಟಿದ್ದರು. ಜಗಲಿಯ ಮೇಲೆ ಇಟ್ಟಿದ್ದರು. ಕೈಗೆ ಕೊಟ್ಟವರು ಒಬ್ಬರೂ ನೆನಪಾಗಲಿಲ್ಲ. ಒಬ್ಬರಲ್ಲ. ಇಡೀ ಊರು ನನ್ನನ್ನು ಕಂಡ ಕೂಡಲೇ ಕೈ ಖಾಲಿ ಮಾಡಿಕೊಳ್ಳುತ್ತಿತ್ತು.

ಕಾಫಿ ಕುಡಿಯದೆ ಎದ್ದು ಲಿಂಗಾಜಮ್ಮನವರ ಮನೆಗೆ ಹೋದೆ. ಅವರು ಬಿಸಿಲಿನಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅಷ್ಟಕ್ಕೇ ನನಗೆ ಅಳು ಬಂತು.

"ಬಂದ್ಯಾ," ಅಂದರು. "ಕಾಲು ಮುರಿಸಿದ್ಯಂತೆ."

"ನಾನು ಮೂರು ಸಲ ಕೇಳಿದೆ ಲಿಂಗಾಜಮ್ಮ."

"ಹೆಂಗ್ ಕೇಳಿದೆ?"

ನಾನು ಕೇಳಿದ ಹಾಗೆಯೇ ಹೇಳಿ ತೋರಿಸಿದೆ. ಅವರು ನಕ್ಕುಬಿಟ್ಟರು. "ಅದು ಕೇಳೋದಾ? ಇಲ್ಲ ಅನ್ರಪ್ಪ ಅಂತ ಬೇಡ್ಕೊಳ್ಳೋದು. ನಿನ್ನ ಮುಖ ಹೆಂಗಿರತ್ತೆ ಗೊತ್ತಾ ನಿಂಗೆ? ಈಗ ತಾನೇ ತೊಳ್ದಿಟ್ಟ ಗಾಜಿನ ಲೋಟ ಇದ್ದಂಗೆ. ಯಾರಾದ್ರೂ ಹತ್ರ ಬರ್ತಾರೇನೇ, ಕೈ ತಾಕಿ ಒಡ್ದೋದ್ರೆ ಅಂತ?"

ನಾನು ಯಾರ ಮೇಲೂ ಸಿಟ್ಟು ಮಾಡಿದವಳಲ್ಲ ಅಂದೆ.

"ನಾನು ಮಾಡ್ತಿದ್ದೆ. ಬೈತಿದ್ದೆ, ಅವ್ರೂ ಬೈತಿದ್ರು, ಮಧ್ಯಾಹ್ನಕ್ಕೆ ಮರ್ತು ಹೋಗ್ತಿತ್ತು. ನಾನು ಬೈದಿದ್ದೇ ಸರಿ ಅಂತಲ್ಲ. ಎಷ್ಟೋ ಜನ ನನ್ನ ಬಾಯಿಗೆ ಹೆದ್ರಿ ದೂರ ಇದ್ರು." ಅವರು ಒಂದು ಕಾಯಿ ಬಿಡಿಸಿ ಹುಳು ಇದೆಯಾ ಅಂತ ಬೆರಳಿನಲ್ಲೇ ಮುಟ್ಟಿ ನೋಡಿದರು. "ಕೆಟ್ಟ ಸುದ್ದಿ ತಂದೋರು ನಿನ್ನ ಮುಂದೆ ಎಷ್ಟು ಹೊತ್ತು ನಿಲ್ತಾರೆ, ಅದೊಂದೇ ನೋಡು. ಮೇಸ್ತ್ರಿ ಕೆಲಸ ಅಂದ್ರೆ ಅಷ್ಟೇ."

ಅವರೆಲ್ಲ ಇಟ್ಟುಕೊಂಡಿರುವುದು ಏನು ಅಂತ ಕೇಳಿದೆ. ಅದು ಅವರವರೇ ಹೇಳಬೇಕಾದ್ದು, ನಾನು ಹೇಳಿದರೆ ತೊಲೆಯೇನೂ ಹಗುರಾಗುವುದಿಲ್ಲ ಅಂದರು. ನಾನು ಎದ್ದು ಹೊರಟಾಗ ಹಿಂದಿನಿಂದ ಕೇಳಿದರು, "ಮರ ತಟ್ಟಿ ನೋಡಿದ್ಯಾ?"

ನಾನು ನೋಡಿರಲಿಲ್ಲ. ಎತ್ತುವ ಮರವನ್ನು ಮೇಸ್ತ್ರಿ ಮೊದಲು ತಟ್ಟಿ ನೋಡಬೇಕು, ಅದು ಮಕ್ಕಳಿಗೂ ಗೊತ್ತು. ನನ್ನ ಗಂಡ ಒರಗಿದ ಮರವನ್ನು ತಟ್ಟಿ ನೋಡುವುದೇ ಅವಮಾನ ಅನ್ನಿಸಿತ್ತು.

ಹಳ್ಳದ ಬಳಿಗೆ ಹೋಗಿ ಒಂದು ಕಲ್ಲು ಹಿಡಿದು ಬುಡದ ಕಡೆಯಿಂದ ತಟ್ಟುತ್ತಾ ಬಂದೆ. ನಾಲ್ಕು ಮಾರು ಗಟ್ಟಿ ಸದ್ದು. ಆಮೇಲೆ ಸದ್ದು ಬದಲಾಯಿತು, ಮುಚ್ಚಿದ ಬಾಗಿಲಿಗೆ ಬಡಿದ ಹಾಗೆ. ಅಲ್ಲೊಂದು ಕೊಂಬೆ ಕಡಿದ ಗುರುತಿತ್ತು. ಅಂಗೈ ಅಗಲದಷ್ಟು ಜಾಗದ ಬಣ್ಣ ಸ್ವಲ್ಪ ಬೇರೆ. ಉಗುರಿನಲ್ಲಿ ಕೆರೆದರೆ ರಾಳ ಬೆರೆಸಿದ ಮರದ ಪುಡಿ ಉದುರಿತು. ಕೋಲು ಚುಚ್ಚಿದೆ. ತೋಳಿನಷ್ಟು ಉದ್ದದ ಕೋಲು ಪೂರ್ತಿ ಒಳಗೆ ಹೋಯಿತು. ಯಾರೋ ಆ ಬಾಯಿಯನ್ನು ಎಷ್ಟು ಅಚ್ಚುಕಟ್ಟಾಗಿ ಮುಚ್ಚಿ, ಉಜ್ಜಿ, ಎಣ್ಣೆ ಹಚ್ಚಿದ್ದರೆಂದರೆ ಪ್ರೀತಿಯಿಲ್ಲದೆ ಅಂಥ ಕೆಲಸ ಆಗುವುದಿಲ್ಲ. ಪೊಳ್ಳು ಮರವನ್ನು ನಲವತ್ತೆರಡು ಜನ ಹೊರಲಾರದೆ ಬಿಟ್ಟಿದ್ದರು.

ಮಾರನೆಯ ದಿನ ಎಲ್ಲರನ್ನೂ ಹಳ್ಳದ ಅಂಚಿಗೆ ಕರೆದೆ. ದೇವೀರಮ್ಮನನ್ನು ಮಂಚದ ಸಮೇತ ತಂದರು. ಬರಬೇಡ ಅಂದಿದ್ದೆ, ಅವಳು ಕೇಳಲಿಲ್ಲ.

ಪೊಳ್ಳು ನೋಡಿದೆ ಅಂದೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನನ್ನ ಮುಖ ಇಳಿಯುತ್ತಿರುವುದು ನನಗೇ ಗೊತ್ತಾಯಿತು, ಅದು ಇಳಿಯುತ್ತಿದ್ದ ಹಾಗೆ ಎದುರಿನ ಮುಖಗಳೆಲ್ಲ ಮುಚ್ಚಿಕೊಳ್ಳುವುದೂ ಕಾಣಿಸಿತು. ಅಷ್ಟು ವರ್ಷ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ನನ್ನ ಮುಖ ಹೀಗೇ ಆಗತ್ತೆ," ಅಂದೆ. "ಅಳು ಬಂದ್ರೆ ಅಳ್ತೀನಿ. ಅದರ ಪಾಡಿಗೆ ಅದು ಅಳಲಿ, ನೀವು ನಿಲ್ಲಿಸಬೇಡಿ. ನಾನಂತೂ ಇಲ್ಲಿಂದ ಏಳಲ್ಲ."

ಚೌಡಪ್ಪ ಕೆಮ್ಮಿದ. "ಹೇಳೋಣ ಅಂತ ಎರಡು ಸಲ ನಿಮ್ಮ ಮನೆ ಬಾಗಿಲಿಗೆ ಬಂದೆ ಅಕ್ಕ. ಒಂದ್ಸಲ ರವೆ ಉಂಡೆ ಕೊಟ್ರಿ. ಇನ್ನೊಂದ್ಸಲ ಯಜಮಾನ್ರ ಪಂಚೆ ಕೊಟ್ರಿ. ಪಂಚೆ ಕೈಲಿ ಹಿಡ್ಕೊಂಡು ಅವ್ರ ಮರ ಪೊಳ್ಳು ಅಂತ ಹೆಂಗ್ ಹೇಳ್ಲಿ? ಆ ಪಂಚೆ ಮನೆ ತನಕ ಹೊತ್ತು ತರೋ ಹೊತ್ಗೆ ನನ್ನ ಸೊಂಟ ಬಿದ್ದೋಯ್ತು."

ಯಾರೋ ನಕ್ಕರು. ನಾನು ಅಳುತ್ತಿದ್ದೆ. ಚೌಡಪ್ಪ ನಿಲ್ಲಿಸಲಿಲ್ಲ. ನಿಮ್ಮ ಮರ ಬೇಕೇ ಇರಲಿಲ್ಲ ಅಂದ. ಎರಡು ಮತ್ತಿ ಮರದ ತೊಲೆ ಬೆಸೆದು ಕಬ್ಬಿಣದ ಪಟ್ಟಿ ಹೊಡೆದರೆ ಹತ್ತು ದಿನದ ಕೆಲಸ, ಅದನ್ನು ಹೇಳಲೆಂದೇ ಅವತ್ತು ಚಾವಡಿಗೆ ಬಂದಿದ್ದೆ, ಅಷ್ಟರಲ್ಲಿ ನೀವು ಎದ್ದು ನಿಂತಿರಿ ಅಂದ. ಮರವೂ ಸುಮ್ಮನೆ ಹೋಗಿತ್ತು.

ಆಮೇಲೆ ಒಬ್ಬೊಬ್ಬರಾಗಿ ಶುರು ಮಾಡಿದರು. ಕೊಂಬೆ ಕಡಿದಾಗಲೇ ಪೊಳ್ಳು ಎಲ್ಲರಿಗೂ ಕಂಡಿತ್ತು. ತಮ್ಮ ತಮ್ಮೊಳಗೆ ಮಾತಾಡಿಕೊಂಡಿದ್ದರು. ನನ್ನದು ಒಂದು ಬಿಂದಿಗೆಯಷ್ಟು ಭಾರ, ಅಷ್ಟನ್ನು ನಾನೇ ಹೊತ್ತುಕೊಳ್ಳುತ್ತೇನೆ, ಉಳಿದವರು ಯಾರಾದರೂ ಹೇಳಿರುತ್ತಾರೆ ಅಂದುಕೊಂಡೆ ಅಂತ ಒಬ್ಬ ಅಂದ. ಅವನ ಪಕ್ಕದವಳು, ಅಯ್ಯೋ ನಾನೂ ಅದೇ ಅಂದುಕೊಂಡಿದ್ದು ಅಂದಳು. ಅವಳ ಹಿಂದಿನವನೂ ಅದನ್ನೇ ಅಂದ. ಹುಟ್ಟಿದಾಗಿನಿಂದ ಭಾರ ತಿಳಿದ ಜನ, ಒಬ್ಬೊಬ್ಬರೂ ತಮ್ಮ ಬಿಂದಿಗೆಯೊಂದನ್ನೇ ಲೆಕ್ಕ ಹಾಕಿದ್ದರು. ಹೇಳುತ್ತಾ ಹೋದ ಹಾಗೆ ಅವರ ಮುಖದಲ್ಲೂ ಗಾಬರಿ ಕಾಣಿಸತೊಡಗಿತು. ನಾನು ಮಾತಾಡುವುದು ಹಿಂದಿನ ಸಾಲಿಗೆ ಕೇಳಿಸುವುದೇ ಇಲ್ಲವಂತೆ, ಅಂದಾಜಿನ ಮೇಲೆ ಎತ್ತುತ್ತಾರಂತೆ. ಇದನ್ನು ಹೇಳಿದವಳು ಭಾಮಾ. ಮಾತಿಗೆ ಮುಂಚೆ ಹೊಗಳಿಬಿಡುತ್ತೀರಿ, ಆಮೇಲೆ ಸುಸ್ತಾಯಿತು ಅನ್ನಲು ನಾಚಿಕೆ ಅಂದರು ಇನ್ನೊಬ್ಬರು. ನಾನು ತರುವ ಮಜ್ಜಿಗೆ ಹುಳಿ ಅಂದರು. ಅದಕ್ಕೂ ಅಳು ಬಂತು.

ಎಲ್ಲ ಮುಗಿಯಿತು ಅನ್ನುವಾಗ ದೇವೀರಮ್ಮ ಮಂಚದ ಮೇಲೆ ಎದ್ದು ಕುಳಿತಳು.

"ಆ ಪೊಳ್ಳು ಮುಚ್ಚು ಅಂದೋಳು ನಾನು ಕಣೇ ವೇಣಿ."

ಚೌಡಪ್ಪ ತಲೆ ಎತ್ತಲಿಲ್ಲ.

"ಚೌಡಪ್ಪ ಒಲ್ಲೆ ಅಂದ. ನಾನೇ ಕೈ ಮುಗ್ದು ಒಪ್ಪಿಸ್ದೆ. ಅವ್ನು ಬೇರೆ ತೊಲೆ ಬೆಸೆಯೋದ್ರೊಳಗೆ ಮಳೆ ಬಂದ್ರೆ ನನ್ನ ಮಗಳು ಆ ಕಡೆ ಉಳ್ಕೋತಾಳೆ ಅಂತ. ವೇಣಿಗೆ ಹೇಳಿದ್ರೆ ಅವಳ ಎದೆ ಒಡ್ದೋಗತ್ತೆ ಅಂತ ಇವ್ರಿಗೆಲ್ಲ ಹೇಳಿದ್ದೂ ನಾನೇ. ನಿನ್ನ ಮೇಲಿನ ಪ್ರೀತಿಗೆ ಅಂದ್ಕೊಂಡ್ರು ಇವ್ರು."

ಎರಡು ದಿನದಿಂದ ಇವಳಿಗೆ ಗಂಜಿ ಕುಡಿಸಿದ್ದು ನಾನು. ಕಾಲಿನ ದಬ್ಬೆ ಸಡಿಲಿಸಿ ಎಣ್ಣೆ ಹಚ್ಚಿದ್ದು ನಾನು. ಹೋಗಲಿ ಬಿಡು ಅನ್ನುವ ಮಾತು ತಾನಾಗಿಯೇ ತುಟಿಯ ತನಕ ಬಂತು. ಇಪ್ಪತ್ತೈದು ವರ್ಷ ಎಲ್ಲದಕ್ಕೂ ಹಾಗೇ ಅಂದು ಅಭ್ಯಾಸ. ಅದನ್ನು ಅಂದರೆ ಇವಳು ಇನ್ನೊಂದು ಸಲ ನನಗೆ ಏನನ್ನೂ ಹೇಳುವುದಿಲ್ಲ ಅನ್ನಿಸಿ ತಡೆದೆ.

"ಸುಗಂಧಿನೇ ಮೊದಲು ಅದರ ಮೇಲೆ ನಡ್ಕೊಂಡು ಬರ್ತಿದ್ದಿದ್ದು ಕಣೇ," ಅಂದೆ.

"ಒಂದ್ಸಲ ಅವಳ ಭಾರ ತಡ್ಕೊಂಡ್ರೆ ಸಾಕು ಅಂದ್ಕೊಂಡೆ."

"ಆಮೇಲೆ? ಬೇರೆಯವರ ಮಕ್ಕಳು?"

ಅವಳು ಹೊದಿಕೆಯನ್ನು ಕಾಲಿನ ದಬ್ಬೆಯ ಮೇಲಕ್ಕೆ ಎಳೆದುಕೊಂಡಳು.

"ನನಗೆ ಸಿಟ್ಟು ಬಂದಿದೆ ದೇವೀರಿ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಿಂದಿನ ಸಾಲಿನ ತನಕ ಕೇಳಿಸಿರಬೇಕು, ಭಾಮಾ ತಿರುಗಿ ನೋಡಿದಳು.

"ಬರ್ಲಿ," ಅಂದಳು ದೇವೀರಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷಕ್ಕೆ ಒಂದ್ಸಲ ಬಂತಲ್ಲ."

ಅವಳ ಮೇಲಿನ ಸಿಟ್ಟು ಎಂಟು ದಿನ ಇಳಿಯಲಿಲ್ಲ. ಗಂಜಿ ಕೊಡುವುದನ್ನು ನಿಲ್ಲಿಸಲಿಲ್ಲ, ಮಾತು ಮಾತ್ರ ಕಡಿಮೆ ಮಾಡಿದೆ. ಯಾಕೆ ಕಡಿಮೆ ಮಾಡಿದ್ದೇನೆ ಅಂತಲೂ ಅವಳಿಗೆ ಹೇಳಿದೆ.

ಎರಡು ಮತ್ತಿ ತೊಲೆಗಳನ್ನು ಚೌಡಪ್ಪ ಬೆಸೆದ. ಈ ಸಲ ತಟ್ಟಿ ನೋಡಿದೆ, ಎರಡೆರಡು ಸಲ. ಹನ್ನೆರಡನೆಯ ದಿನ ಎತ್ತುವುದೆಂದಾಯಿತು. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು, ಆಚೆ ದಂಡೆಯವರು ಹಗ್ಗ ಹಿಡಿದು ಬೆಳಗಿನಿಂದ ಕಾಯುತ್ತಿದ್ದರು. ದೇವೀರಮ್ಮನ ಜಾಗದಲ್ಲಿ ಅವಳ ಗಂಡ ನಿಂತಿದ್ದ. ಎಲ್ಲರೂ ಕೈ ಹಾಕಿದ ಮೇಲೆ ಭಾಮಾ, ಅಕ್ಕ ಒಂದು ನಿಮಿಷ ಅಂದಳು. ಈಚೆ ದಂಡೆಯಲ್ಲಿ ತೊಲೆ ಕೂರುವ ಕಲ್ಲು ಕಟ್ಟೆಯ ಮೂಲೆ ನಿನ್ನೆ ಸಂಜೆ ಕಾಲಿಟ್ಟಾಗ ಅಲುಗಿತು, ನನಗೇ ಹಾಗನ್ನಿಸಿತೋ ಏನೋ ಗೊತ್ತಿಲ್ಲ ಅಂದಳು. ನಲವತ್ತೊಂದು ಜನ ಮೋಡದ ಕಡೆ ನೋಡಿದರು. ಆಚೆಯಿಂದ ಯಾರೋ ಏನು ತಡ ಅಂತ ಕೂಗಿದರು. ನನ್ನ ಮುಖ ಮತ್ತೆ ಇಳಿಯಿತೋ ಏನೋ, ಅವಳ ದನಿ ಸಣ್ಣದಾಯಿತು. ನಾನು ಅವಳ ಹತ್ತಿರ ಹೋಗಿ ನಿಂತು ಪೂರ್ತಿ ಹೇಳು ಅಂದೆ. ಮೂಲೆ ನಿಜವಾಗಿಯೂ ಸಡಿಲವಿತ್ತು. ಕಲ್ಲು ಕಿತ್ತು ಕೂರಿಸಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಹನಿ ಬಿತ್ತು.

ಮೂರನೆಯ ಬೆಳಿಗ್ಗೆ ಮತ್ತೆ ಕೈ ಹಾಕಿದೆವು. ಕೇಳಿದೆ. ನಾಲ್ಕು ಜನ ಏನೇನೋ ಹೇಳಿದರು, ಒಂದು ನನ್ನ ಬಗ್ಗೆಯೇ ಇತ್ತು. ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿ, ಯಾರೂ ಮಾತಾಡದಿದ್ದಾಗ ಸ್ವಲ್ಪ ಹೆಚ್ಚೇ ಹೊತ್ತು ಕಾದೆ. ಆಮೇಲೆ ಕೈ ಎತ್ತಿದೆ.

ತೊಲೆ ಹಾರಿದ ಹಾಗೆ ಮೇಲೆ ಬಂತು. ಹಲ್ಲು ಕಚ್ಚಿ, ಬೆನ್ನು ಬಿಗಿದು ಎತ್ತಿದ್ದವರೆಲ್ಲ ಮುಗ್ಗರಿಸಿದರು. ಮುಂದಿನ ಸಾಲಿನವನೊಬ್ಬ ಹೆದರಿ ಕೂಗಿಯೇಬಿಟ್ಟ. ಮಕ್ಕಳ ತೊಟ್ಟಿಲು ಎತ್ತಿದಂತೆ ಅದನ್ನು ಹನ್ನೆರಡು ಹೆಜ್ಜೆ ಕೊಂಡೊಯ್ದರು. ಆಚೆಯವರು ಎಳೆದರು, ಈಚೆಯವರು ತಳ್ಳಿದರು, ಅದು ಹೋಗಿ ಕಲ್ಲಿನ ಮೇಲೆ ಕುಳಿತಿತು. ಸುಗಂಧಿ ತನ್ನ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಆ ತುದಿಯಲ್ಲಿ ನಿಂತಿದ್ದಳು. ಹಲಗೆ ಹೊಡೆದರೆ ಸಂಜೆಗೆ ತಾಯಿಯ ಮನೆಯಲ್ಲಿರುತ್ತಾಳೆ.

ಯಾರೂ ಸಂತೋಷದಿಂದ ಕೂಗಲಿಲ್ಲ. ಎಲ್ಲರೂ ತಮ್ಮ ತೋಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಚೌಡಪ್ಪ ದಂಡೆಯ ಮೇಲೆ ಕುಸಿದು ಕುಳಿತಿದ್ದ.

"ಅಕ್ಕ," ಅಂದ. "ಶಾಲೆ ಸೂರು ಎತ್ತಿದಾಗ್ಲೂ ಇಷ್ಟೇ ಹಗುರ ಇರ್ಬೇಕಿತ್ತಲ್ವಾ?"

ಶಾಲೆಯ ಸೂರು ಎತ್ತಿದ ದಿನ ಇವರೆಲ್ಲ ಬೆವರಿನಲ್ಲಿ ತೊಯ್ದು ಏದುಸಿರು ಬಿಡುತ್ತಾ ನೆಲಕ್ಕೆ ಬಿದ್ದಿದ್ದರು. ನಾನು ಪಾನಕ ಹಂಚುತ್ತಾ, ನಿಮ್ಮ ಶಕ್ತಿ ಯಾರಿಗಿದೆ ಅಂತ ಹೊಗಳಿದ್ದೆ. ಗಿರಣಿಯ ಕಲ್ಲಿನ ದಿನವೂ ಹಾಗೆ. ಬಾವಿಕಟ್ಟೆಯ ದಿನವೂ ಹಾಗೆ. ಅದು ಮರದ ತೂಕ, ಕಲ್ಲಿನ ತೂಕ ಅಂತ ನಾನು ತಿಳಿದಿದ್ದೆ, ಅವರೂ ತಿಳಿದಿದ್ದರು. ಚೌಡಪ್ಪನ ಎದುರಿಗೆ ನೆಲದ ಮೇಲೆ ಕುಳಿತು, ಅವತ್ತು ನಿನಗೆ ಎಲ್ಲಿ ನೋವಾಯಿತು ಅಂತ ಕೇಳಿದೆ.

ಅವನು ಎಡಭುಜ ತೋರಿಸಿದ. ಈಗಲೂ ಆ ತೋಳು ಕಿವಿಯ ಮೇಲಕ್ಕೆ ಏಳುವುದಿಲ್ಲ ಅಂದ. ಅವನ ಹಿಂದೆ ನಿಂತಿದ್ದ ಭಾಮಾ ತನ್ನ ಸೊಂಟ ಮುಟ್ಟಿಕೊಂಡಳು. ಅವಳ ಹಿಂದಿನವನು ಕತ್ತಿನ ಹಿಂಭಾಗ ತೋರಿಸಿದ. ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದು, ಮಣಿಕಟ್ಟು, ಮಂಡಿ, ಬೆನ್ನಿನ ಒಂದು ಕಡೆ, ಅವರವರ ಜಾಗವನ್ನು ತೋರಿಸತೊಡಗಿದರು.